ಕುಡಿಯುವವರೇ ಮನಸ್ಸು ಮಾಡುವವರೆಗೆ ಕಾಯಬೇಕೇ? ರಾಬರ್ಟ್ ಮೈಯರ್ಸ್ ತೋರಿಸಿದ ಬೇರೆ ದಾರಿ

"ಅವನಾಗಿಯೇ ಮನಸ್ಸು ಮಾಡಬೇಕು, ಬೇರೆಯವರು ಹೇಳಿ ಏನೂ ಪ್ರಯೋಜನವಿಲ್ಲ." ಮನೆಯಲ್ಲಿ ಒಬ್ಬರಿಗೆ ಕುಡಿತದ ಚಟವಿದ್ದರೆ ಉಳಿದವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ನೆಂಟರು ಹೇಳುತ್ತಾರೆ, ನೆರೆಹೊರೆಯವರು ಹೇಳುತ್ತಾರೆ. ಚಿಕಿತ್ಸೆಗೆ ಸೇರಿಸಬಹುದೇ ಎಂದು ವಿಚಾರಿಸಲು ಹೋದಾಗಲೂ "ಮೊದಲು ಅವರನ್ನು ಒಪ್ಪಿಸಿ ಕರೆದುಕೊಂಡು ಬನ್ನಿ" ಎಂಬ ಉತ್ತರ ಸಿಗುವುದುಂಟು. ಒಪ್ಪಿಸುವುದು ಹೇಗೆ ಎಂಬುದೇ ಗೊತ್ತಿಲ್ಲದೆ ತಾನೇ ಅವರು ಸಹಾಯ ಕೇಳಲು ಬಂದಿದ್ದು?

ಈ ನಂಬಿಕೆ ನಿಜವೇ? ನಿಜವಾದರೆ ಹೆಂಡತಿ, ತಾಯಿ, ಮಕ್ಕಳು ಮಾಡಬಹುದಾದ ಕೆಲಸ ಕಾಯುವುದೊಂದೇ. ಸುಳ್ಳಾದರೆ ನಾವು ಲಕ್ಷಾಂತರ ಕುಟುಂಬಗಳನ್ನು ಸುಮ್ಮನೆ ಕೈಕಟ್ಟಿ ಕೂರಿಸಿದ್ದೇವೆ ಎಂದಾಯಿತು.

ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ, 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರ ಕುಡಿತ ಸಹಾಯ ಬೇಕಾಗುವ ಮಟ್ಟದಲ್ಲಿದೆ. ಆದರೆ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಲ್ಲಿ ಹೆಚ್ಚಿನವರಿಗೆ ಮನೆ ಇದೆ, ಮನೆಯವರಿದ್ದಾರೆ.

ಈ ಪ್ರಶ್ನೆಗೆ ಬಾಯಿಮಾತಿನಲ್ಲಲ್ಲ, ಪ್ರಯೋಗಗಳ ಮೂಲಕ ಉತ್ತರ ಹುಡುಕಿದವರಲ್ಲಿ ಅಮೆರಿಕದ ಚಿಕಿತ್ಸಕ ರಾಬರ್ಟ್ ಮೈಯರ್ಸ್ ಮುಖ್ಯರು. ಅವರ ಹಾದಿಯನ್ನು ಹಿಂಬಾಲಿಸಿದರೆ ಉತ್ತರವೂ ಸಿಗುತ್ತದೆ, ಅದರ ಮಿತಿಯೂ ತಿಳಿಯುತ್ತದೆ.

ಒಂದು ಮನೆ, ಮೂರು ಸಲಹೆಗಳು

ಮೈಯರ್ಸ್ ಬೆಳೆದದ್ದು ಕುಡಿಯುವ ತಂದೆಯ ಮನೆಯಲ್ಲಿ. ಗಂಡನ ಕುಡಿತ ನಿಲ್ಲಿಸಲು ತಾಯಿ ಪಟ್ಟ ಪಾಡನ್ನು ಅವರು ಕಣ್ಣಾರೆ ಕಂಡರು. ಬೇಡಿಕೊಳ್ಳುವುದು, ಬೈಯುವುದು, ಅಳುವುದು, ಬೆದರಿಸುವುದು ಯಾವುದೂ ಫಲ ಕೊಡಲಿಲ್ಲ. ಆಕೆಗೆ ಪ್ರೀತಿಯೂ ಕಡಿಮೆಯಿರಲಿಲ್ಲ, ಪ್ರಯತ್ನವೂ ಕಡಿಮೆಯಿರಲಿಲ್ಲ. ಏನು ಮಾಡಿದರೆ ಪರಿಣಾಮವಾಗುತ್ತದೆ ಎಂದು ಹೇಳಿಕೊಡುವವರು ಇರಲಿಲ್ಲ, ಅಷ್ಟೇ. ಮುಂದೆ ಮೈಯರ್ಸ್ ಕುಡಿಯುವವರ ಜೊತೆಗೆ ಕುಟುಂಬದವರನ್ನೂ ಎದುರಿಗೆ ಕೂರಿಸಿಕೊಂಡು ಮಾತನಾಡಿಸಲು ಈ ನೆನಪು ಒಂದು ಕಾರಣ.

ಆ ಕಾಲದ ಅಮೆರಿಕದಲ್ಲಿ ಇಂಥ ಕುಟುಂಬಗಳಿಗೆ ಮುಖ್ಯವಾಗಿ ಮೂರು ಸಲಹೆಗಳು ಸಿಗುತ್ತಿದ್ದವು.

ಮೊದಲನೆಯದು, "ಪಾತಾಳ ಮುಟ್ಟಲಿ ಬಿಡಿ" ಎಂಬುದು. ಕೆಲಸ, ಆರೋಗ್ಯ, ಸಂಸಾರ ಎಲ್ಲ ಕಳೆದುಕೊಂಡ ಮೇಲೆ ತಾನಾಗಿಯೇ ಬುದ್ಧಿ ಬರುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತು.

ಎರಡನೆಯದು ಮುಖಾಮುಖಿ. ಪಾದ್ರಿಯಾಗಿದ್ದ ವರ್ನನ್ ಜಾನ್ಸನ್ ಇದನ್ನು ಜನಪ್ರಿಯಗೊಳಿಸಿದರು. ಮನೆಯವರು, ಗೆಳೆಯರು ಸೇರಿ ಮುಂಚಿತವಾಗಿ ತಯಾರಿ ಮಾಡಿಕೊಂಡು, ಕುಡಿಯುವವರನ್ನು ನಡುವೆ ಕೂರಿಸಿ, ಅವರ ಕುಡಿತದಿಂದ ಏನೆಲ್ಲ ಆಗಿದೆ ಎಂದು ಒಬ್ಬೊಬ್ಬರಾಗಿ ಹೇಳಿ ಚಿಕಿತ್ಸೆಗೆ ಒಪ್ಪಿಸುವ ಕ್ರಮವಿದು.

ಮೂರನೆಯದು, "ಅವರ ಕುಡಿತದಿಂದ ನಿಮ್ಮ ಮನಸ್ಸನ್ನು ಬಿಡಿಸಿಕೊಳ್ಳಿ" ಎಂಬ ಸಲಹೆ. 1951ರಲ್ಲಿ ಶುರುವಾದ ಅಲ್-ಅನಾನ್ ಎಂಬ ಕುಟುಂಬಗಳ ಸಂಘಟನೆಯ ದಾರಿ ಇದು. ಇನ್ನೊಬ್ಬರ ಕುಡಿತವನ್ನು ನೀವು ನಿಯಂತ್ರಿಸಲಾರಿರಿ, ಅದು ನಿಮ್ಮ ತಪ್ಪೂ ಅಲ್ಲ, ನಿಮ್ಮ ಬದುಕನ್ನು ನೋಡಿಕೊಳ್ಳಿ ಎಂಬುದು ಅದರ ಸಾರ. ಬಳಲಿದ ಎಷ್ಟೋ ಮನಸ್ಸುಗಳಿಗೆ ಇದು ನೆಮ್ಮದಿ ಕೊಟ್ಟಿದೆ. ಆದರೆ ಕುಡಿಯುವವರನ್ನು ಚಿಕಿತ್ಸೆಗೆ ತರುವುದು ಅದರ ಗುರಿಯೇ ಅಲ್ಲ.

ಕುಡಿತ ಗೆಲ್ಲುವುದೇಕೆ?

ಈ ನಡುವೆ ಇಲಿನಾಯ್ ರಾಜ್ಯದ ಆನಾ ಎಂಬ ಸಣ್ಣ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಬೇರೆಯದೇ ಪ್ರಶ್ನೆ ಕೇಳುತ್ತಿದ್ದವರು ಮನಶ್ಶಾಸ್ತ್ರಜ್ಞ ನೇಥನ್ ಆಜ್ರಿನ್. ಇವರು ಹಾರ್ವರ್ಡ್‌ನಲ್ಲಿ ಬಿ. ಎಫ್. ಸ್ಕಿನ್ನರ್ ಅವರ ಶಿಷ್ಯರು. ಯಾವ ನಡವಳಿಕೆಯಿಂದ ಖುಷಿಯೋ ಲಾಭವೋ ಸಿಗುತ್ತದೆಯೋ ಅದು ಗಟ್ಟಿಯಾಗುತ್ತದೆ, ಸಿಗದಿದ್ದರೆ ಸೊರಗುತ್ತದೆ ಎಂಬುದು ಸ್ಕಿನ್ನರ್ ಪರಂಪರೆಯ ಮೂಲ ತತ್ವ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಬಲವರ್ಧನೆ ಎನ್ನುತ್ತಾರೆ.

ಇದನ್ನು ಕುಡಿತಕ್ಕೆ ಅನ್ವಯಿಸಿ ನೋಡಿ. ಕುಡಿದ ಕೂಡಲೇ ಸಿಗುವುದು ಖುಷಿ, ಮರೆವು, ಗೆಳೆಯರ ಸಂಗ. ನಷ್ಟವೆಲ್ಲ ಬರುವುದು ಆಮೇಲೆ. ಚಟ ಬಲಿತಂತೆ ಕೆಲಸ ಹೋಗುತ್ತದೆ, ಮನೆಯವರು ದೂರವಾಗುತ್ತಾರೆ, ಕುಡಿಯದ ಗೆಳೆಯರು ಬರುವುದಿಲ್ಲ. ಕೊನೆಗೆ ಬದುಕಿನಲ್ಲಿ ಉಳಿಯುವ ಏಕೈಕ ಸುಖ ಕುಡಿತವೇ. ಅಂಥವರಿಗೆ "ಅದನ್ನೂ ಬಿಡು" ಎಂದರೆ ಬದಲಿಗೆ ಕೊಡುವುದೇನು? ಕುಡಿಯದ ಬದುಕು ಕುಡಿಯುವ ಬದುಕಿಗಿಂತ ಹಿತವಾಗಿರುವಂತೆ ಮಾಡದೆ ಬರೀ ಉಪದೇಶದಿಂದ ಏನಾದೀತು? ಆಜ್ರಿನ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಹಂಟ್ ಇಲ್ಲಿಂದ ಹೊರಟರು.

ಅವರು ರೂಪಿಸಿದ ಕ್ರಮಕ್ಕೆ ಕಮ್ಯುನಿಟಿ ರಿಇನ್‌ಫೋರ್ಸ್‌ಮೆಂಟ್ ಅಪ್ರೋಚ್ ಎಂಬ ಉದ್ದದ ಹೆಸರು. ಸಮುದಾಯದ ಬಲವರ್ಧನೆಯ ವಿಧಾನ ಎಂದು ಹೇಳಬಹುದು. ಸುಲಭಕ್ಕಾಗಿ ಸಿಆರ್‌ಎ ಎನ್ನೋಣ. ಹೆಸರಿನಲ್ಲಿ 'ಸಮುದಾಯ' ಇರುವುದು ಅಲಂಕಾರಕ್ಕಲ್ಲ. ಔಷಧ ಮನುಷ್ಯನ ಒಳಗೆ ಮಾತ್ರವಿಲ್ಲ, ಅವನ ಸುತ್ತಲೂ ಇದೆ ಎಂಬುದು ಇದರ ನಂಬಿಕೆ.

ಅವರು ಮಾಡಿದ್ದು ಬಹಳ ಲೌಕಿಕವಾದ ಕೆಲಸಗಳನ್ನು. ಕೆಲಸ ಹುಡುಕುವುದನ್ನು ಹಂತಹಂತವಾಗಿ ಕಲಿಸಿದರು. ಗಂಡ ಹೆಂಡತಿಯನ್ನು ಜೊತೆಗೆ ಕೂರಿಸಿ, ಒಬ್ಬರಿಂದ ಇನ್ನೊಬ್ಬರಿಗೆ ಏನು ಬೇಕು ಎಂದು ಮಾತನಾಡಿಸಿದರು. ಮನೆಯವರೇ ಇಲ್ಲದವರನ್ನು ಆಗಾಗ ಊಟಕ್ಕೆ ಕರೆಯಲು ಒಪ್ಪುವ ಬೇರೆ ಕುಟುಂಬ ಹುಡುಕಿಕೊಟ್ಟರು. ದೂರವಾಣಿ ಸಂಪರ್ಕ ಮತ್ತು ದಿನಪತ್ರಿಕೆಗೆ ಮೊದಲ ತಿಂಗಳ ಹಣ ಕಟ್ಟಿದರು. ಇವಿಲ್ಲದೆ ಕೆಲಸ ಸಿಗುವುದಾದರೂ ಹೇಗೆ, ಗೆಳೆಯರು ಕರೆಯುವುದಾದರೂ ಹೇಗೆ? ಹಳೆಯದೊಂದು ಹೆಂಡದಂಗಡಿಯನ್ನೇ ಕುಡಿತವಿಲ್ಲದ ಕ್ಲಬ್ ಆಗಿ ಬದಲಾಯಿಸಿದರು. ಅಲ್ಲಿ ಇಸ್ಪೀಟು, ಸಂಗೀತ, ಕುಣಿತ, ಸಿನಿಮಾ ಎಲ್ಲವೂ ಇತ್ತು. ಹೆಂಡತಿಯನ್ನು ಕರೆತರಬಹುದಿತ್ತು. ಕುಡಿದು ಬಂದರೆ ಮಾತ್ರ ಒಳಗೆ ಪ್ರವೇಶವಿಲ್ಲ.

ಪ್ರಯೋಗದ ಫಲಿತಾಂಶ 1973ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದ 16 ಗಂಡಸರಲ್ಲಿ ಎಂಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಸಿಆರ್‌ಎ, ಇನ್ನೆಂಟು ಜನರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಬಿಡುಗಡೆಯಾದ ನಂತರದ ಆರು ತಿಂಗಳಲ್ಲಿ ಮಾಮೂಲಿ ಗುಂಪಿನವರು ಶೇ. 79ರಷ್ಟು ದಿನಗಳನ್ನು ಕುಡಿತದಲ್ಲಿ ಕಳೆದರೆ, ಸಿಆರ್‌ಎ ಗುಂಪಿನವರು ಕಳೆದದ್ದು ಶೇ. 14ರಷ್ಟು. ಕೆಲಸವಿಲ್ಲದೆ ಕಳೆದ ದಿನಗಳು ಅಲ್ಲಿ ಶೇ. 62, ಇಲ್ಲಿ ಶೇ. 5. ಹದಿನಾರು ಜನರ ಪ್ರಯೋಗ ಚಿಕ್ಕದು ನಿಜ. ಆದರೆ ವ್ಯತ್ಯಾಸ ಕಡೆಗಣಿಸುವಷ್ಟು ಚಿಕ್ಕದಾಗಿರಲಿಲ್ಲ.

ಬಾಗಿಲಾಚೆ ಉಳಿದವರು

ಮೈಯರ್ಸ್ ತಮ್ಮ ವೃತ್ತಿಯನ್ನು ಕಟ್ಟಿಕೊಂಡದ್ದು ಈ ಬಳಗದಲ್ಲಿ. ಆಜ್ರಿನ್ ಜೊತೆ ಅವರೂ ಸೇರಿ 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆಸ್ಪತ್ರೆಗೆ ದಾಖಲಾಗದೆ, ಮನೆಯಿಂದಲೇ ಬಂದು ಹೋಗುವವರಿಗೆ ಸಿಆರ್‌ಎ ಪ್ರಯೋಗಿಸಲಾಯಿತು. ಅದರಲ್ಲಿ ಒಂದು ಅಂಶ ನಮ್ಮ ಊರುಗಳಿಗೆ ಬಹಳ ಮುಖ್ಯವಾದದ್ದು. ಅದೇ ಡೈಸಲ್ಫಿರಾಂ ಮಾತ್ರೆ.

ಈ ಮಾತ್ರೆ ತೆಗೆದುಕೊಂಡವರು ಮದ್ಯ ಕುಡಿದರೆ ಮುಖ ಕೆಂಪಾಗಿ, ಎದೆ ಡವಗುಟ್ಟಿ, ವಾಂತಿಯಾಗಿ ನರಳಬೇಕಾಗುತ್ತದೆ. ಸಿಆರ್‌ಎ ಇದನ್ನು ಬಳಸಿದ ರೀತಿ ಹೀಗಿತ್ತು: ಕುಡಿಯುವವರು ಎಲ್ಲವನ್ನೂ ತಿಳಿದು ಒಪ್ಪಿ, ದಿನವೂ ಒಂದೇ ಹೊತ್ತಿಗೆ ಹೆಂಡತಿಯ ಅಥವಾ ಆಪ್ತರ ಎದುರಿಗೆ ಮಾತ್ರೆ ನುಂಗುತ್ತಾರೆ, ಅವರು ಒಳ್ಳೆಯ ಮಾತಾಡಿ ಮೆಚ್ಚುಗೆ ತೋರಿಸುತ್ತಾರೆ. ಮದುವೆಯಾದವರಿಗೆ ಈ ಒಂದು ಏರ್ಪಾಟೇ ಸಾಕಷ್ಟು ನೆರವಾಯಿತು. ಒಂಟಿಯಾಗಿದ್ದವರಿಗೆ ಮಾತ್ರೆ ಸಾಲಲಿಲ್ಲ, ಇಡೀ ಸಿಆರ್‌ಎ ಬೇಕಾಯಿತು. ಹತ್ತಿರದವರು ಇರುವುದೇ ಚಿಕಿತ್ಸೆಯ ದೊಡ್ಡ ಭಾಗ ಎಂಬುದಕ್ಕೆ ಇದೊಂದು ಸುಳಿವು.

ಆದರೆ ಇವೆಲ್ಲ ಚಿಕಿತ್ಸೆಯ ಬಾಗಿಲೊಳಗೆ ಬಂದವರ ಮಾತಾಯಿತು. ಬಾರದೇ ಇರುವವರ ಗತಿ? ಇದೇ ಬಳಗದ ಸಿಸನ್ ಮತ್ತು ಆಜ್ರಿನ್ 1986ರಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಕುಡಿಯುವವರನ್ನಲ್ಲ, ಚಿಂತೆಯಿಂದ ಬಂದ ಅವರ ಮನೆಯ 12 ಹೆಂಗಸರನ್ನು ತರಬೇತಿಗೆ ತೆಗೆದುಕೊಂಡರು. ಬಲವರ್ಧನೆಯ ವಿಧಾನ ಕಲಿತ ಏಳು ಜನರಲ್ಲಿ ಆರು ಜನರ ಮನೆಯವರು ಚಿಕಿತ್ಸೆಗೆ ಬಂದರು. ಸಾಂಪ್ರದಾಯಿಕ ಸಲಹೆ ಪಡೆದ ಐವರಲ್ಲಿ ಒಬ್ಬರ ಮನೆಯವರೂ ಬರಲಿಲ್ಲ. ಇನ್ನೂ ಕುತೂಹಲದ ಸಂಗತಿ ಎಂದರೆ, ಚಿಕಿತ್ಸೆಗೆ ಕಾಲಿಡುವ ಮೊದಲೇ ಅವರ ಕುಡಿತ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು.

ನ್ಯೂ ಮೆಕ್ಸಿಕೋದಲ್ಲಿ ದೊಡ್ಡ ಪರೀಕ್ಷೆ

ಮುಂದೆ ಮೈಯರ್ಸ್ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರಕ್ಕೆ ಬಂದರು. ಅಲ್ಲಿನ ವಿಶ್ವವಿದ್ಯಾಲಯದ ವ್ಯಸನ ಸಂಶೋಧನಾ ಕೇಂದ್ರದಲ್ಲಿ ಜೇನ್ ಎಲೆನ್ ಸ್ಮಿತ್, ವಿಲಿಯಂ ಮಿಲ್ಲರ್ ಮುಂತಾದವರ ಜೊತೆ ಕೆಲಸ ಮಾಡಿದರು. ಸ್ಮಿತ್ ಮತ್ತು ಮೈಯರ್ಸ್ ಮನೆಮಠವಿಲ್ಲದ ಕುಡಿತದ ರೋಗಿಗಳಿಗೂ ಸಿಆರ್‌ಎ ಪ್ರಯೋಗಿಸಿ ನೋಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲೂ ಮಾಮೂಲಿ ಕ್ರಮಕ್ಕಿಂತ ಇದು ಕುಡಿತವನ್ನು ಹೆಚ್ಚು ತಗ್ಗಿಸಿತು.

ಕುಟುಂಬಗಳಿಗಾಗಿ ಅವರು ಬೆಳೆಸಿದ ಕಾರ್ಯಕ್ರಮದ ಹೆಸರು ಕಮ್ಯುನಿಟಿ ರಿಇನ್‌ಫೋರ್ಸ್‌ಮೆಂಟ್ ಅಂಡ್ ಫ್ಯಾಮಿಲಿ ಟ್ರೈನಿಂಗ್. ಇದು ಕ್ರಾಫ್ಟ್ ಎಂಬ ಚಿಕ್ಕ ಹೆಸರಿನಿಂದಲೇ ಪ್ರಸಿದ್ಧ. ಇದರ ನಿಜವಾದ ಪರೀಕ್ಷೆ ನಡೆದದ್ದು 1999ರಲ್ಲಿ ಮಿಲ್ಲರ್, ಮೈಯರ್ಸ್ ಮತ್ತು ಸ್ಕಾಟ್ ಟೊನಿಗನ್ ಪ್ರಕಟಿಸಿದ ಅಧ್ಯಯನದಲ್ಲಿ. ಚಿಕಿತ್ಸೆ ಬೇಡವೆನ್ನುತ್ತಿದ್ದ ಕುಡಿತದ ರೋಗಿಗಳ 130 ಆಪ್ತರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ಒಂದಕ್ಕೆ ಅಲ್-ಅನಾನ್ ದಾರಿಯ ಸಮಾಲೋಚನೆ, ಇನ್ನೊಂದಕ್ಕೆ ಜಾನ್ಸನ್ ಮುಖಾಮುಖಿ, ಮತ್ತೊಂದಕ್ಕೆ ಕ್ರಾಫ್ಟ್. ಮೂರಕ್ಕೂ ತಲಾ 12 ಗಂಟೆ.

ಚಿಕಿತ್ಸೆಗೆ ಬಂದವರ ಪ್ರಮಾಣ ಅಲ್-ಅನಾನ್ ದಾರಿಯಲ್ಲಿ ಶೇ. 13, ಮುಖಾಮುಖಿಯಲ್ಲಿ ಶೇ. 30, ಕ್ರಾಫ್ಟ್‌ನಲ್ಲಿ ಶೇ. 64. ಮುಖಾಮುಖಿಯ ಫಲಿತಾಂಶದಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ನಿಜಕ್ಕೂ ನಡೆಸಿದ ಕುಟುಂಬಗಳಲ್ಲಿ ಹೆಚ್ಚಿನವು ಯಶಸ್ವಿಯಾದವು. ಆದರೆ ಬಹುಪಾಲು ಕುಟುಂಬಗಳು ಆ ಹಂತಕ್ಕೆ ಹೋಗಲೇ ಇಲ್ಲ. ಪ್ರೀತಿಯವರನ್ನು ಕಟಕಟೆಯಲ್ಲಿ ನಿಲ್ಲಿಸಲು ಎಷ್ಟು ಜನರಿಗೆ ಮನಸ್ಸು ಬಂದೀತು?

ಇನ್ನೊಂದು ಮಾತು. ಮೂರೂ ಗುಂಪುಗಳಲ್ಲಿ ಮನೆಯವರ ಸ್ವಂತ ನೆಮ್ಮದಿ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿತು. ಅಂದರೆ ಅಲ್-ಅನಾನ್ ತಾನು ಮಾಡುತ್ತೇನೆಂದು ಹೇಳಿದ್ದನ್ನು ಮಾಡಿದೆ. ಕ್ರಾಫ್ಟ್ ಅದರ ಜೊತೆಗೆ ಇನ್ನೊಂದನ್ನೂ ಮಾಡಿತು.

ಮನೆಯವರು ಕಲಿಯುವುದೇನು?

ಕ್ರಾಫ್ಟ್ ಕಲಿಸುವ ಕೆಲಸಗಳಲ್ಲಿ ಮಂತ್ರವೂ ಇಲ್ಲ, ಮಾಯೆಯೂ ಇಲ್ಲ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಬ್ಬ ಗಂಡ ವಾರದಲ್ಲಿ ನಾಲ್ಕು ದಿನ ಕೆಲಸದಿಂದ ನೇರವಾಗಿ ಬಾರಿಗೆ ಹೋಗಿ, ಕುಡಿದು ತಡವಾಗಿ ಮನೆಗೆ ಬರುತ್ತಾನೆ. ಹೆಂಡತಿ ಆ ಹೊತ್ತಿನಲ್ಲೇ ಜಗಳ ತೆಗೆಯುತ್ತಾಳೆ, ಆಮೇಲೆ ಊಟ ಬಡಿಸುತ್ತಾಳೆ, ವಾಂತಿ ಬಳಿಯುತ್ತಾಳೆ, ಬೆಳಿಗ್ಗೆ "ಅವರಿಗೆ ಜ್ವರ" ಎಂದು ಕಚೇರಿಗೆ ಫೋನ್ ಮಾಡುತ್ತಾಳೆ. ಕುಡಿಯದೆ ಬಂದ ದಿನವೂ ಹಳೆಯ ಸಿಟ್ಟಿನಿಂದ ಮುಖ ತಿರುಗಿಸುತ್ತಾಳೆ. ಅವಳ ಸಿಟ್ಟು ಸಹಜವಾದದ್ದೇ. ಆದರೆ ಲೆಕ್ಕ ಹಾಕಿ ನೋಡಿದರೆ, ಕುಡಿದ ದಿನಕ್ಕೂ ಕುಡಿಯದ ದಿನಕ್ಕೂ ಗಂಡನಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಕ್ರಾಫ್ಟ್ ಕೇಳುವ ಮೊದಲ ಕೆಲಸ ಗಮನಿಸುವುದು. ಯಾವ ದಿನ, ಯಾರ ಜೊತೆ, ಏನಾದ ಮೇಲೆ ಕುಡಿತ ಶುರುವಾಗುತ್ತದೆ? ಕುಡಿತದಿಂದ ಅವರಿಗೆ ಸಿಗುತ್ತಿರುವುದೇನು? ಸಂಬಳದ ದಿನವೇ, ಒಬ್ಬ ಗೆಳೆಯನ ಫೋನ್ ಬಂದ ದಿನವೇ, ನಿದ್ದೆ ಬಾರದ ರಾತ್ರಿಯೇ? ಇದೊಂದು ನಕ್ಷೆ.

ಎರಡನೆಯದು, ಕುಡಿಯದ ಹೊತ್ತನ್ನು ಹಿತವಾಗಿಸುವುದು. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಊಟ ಮಾಡುವುದು, ಇಷ್ಟದ ಅಡುಗೆ, ಒಂದು ಸುತ್ತು ನಡಿಗೆ. "ನೀವು ಹೀಗೆ ಬಂದಾಗ ನನಗೆ ಸಂತೋಷವಾಗುತ್ತದೆ" ಎಂಬ ಒಂದು ಮಾತು.

ಮೂರನೆಯದು, ಕುಡಿದಾಗ ಆ ಹಿತವನ್ನು ಹಿಂತೆಗೆದುಕೊಳ್ಳುವುದು. ಕೂಗಾಡುವುದಲ್ಲ. "ಈಗ ಮಾತು ಬೇಡ, ನಾಳೆ ಮಾತಾಡೋಣ" ಎಂದು ಪಕ್ಕಕ್ಕೆ ಸರಿಯುವುದು.

ನಾಲ್ಕನೆಯದು, ಕುಡಿತದ ಸಹಜ ಪರಿಣಾಮಗಳಿಗೆ ಅಡ್ಡ ನಿಲ್ಲದಿರುವುದು. ಸುಳ್ಳು ಹೇಳಿ ರಜೆ ಕೇಳುವುದು, ಸಾಲ ತೀರಿಸುವುದು ಇವನ್ನು ಕ್ರಮೇಣ ಬಿಡುವುದು. ಜೀವಕ್ಕೆ ಅಪಾಯವಿರುವಲ್ಲಿ ಈ ನಿಯಮ ಸಲ್ಲುವುದಿಲ್ಲ.

ಐದನೆಯದು, ಮಾತಿನ ಧಾಟಿ. "ನೀವು ಯಾವಾಗಲೂ ಹೀಗೇ" ಎನ್ನುವುದಕ್ಕೂ "ನಿನ್ನೆ ಮಗು ನಿಮಗಾಗಿ ಕಾದು ಮಲಗಿತು, ನನಗೆ ಬೇಸರವಾಯಿತು" ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕುಟುಂಬದವರು ಅಭ್ಯಾಸ ಮಾಡಿ ಕಲಿಯುತ್ತಾರೆ.

ಆರನೆಯದು, ಮನೆಯವರು ತಮ್ಮ ಬದುಕನ್ನೂ ಕಟ್ಟಿಕೊಳ್ಳುವುದು. ಬಿಟ್ಟುಹೋದ ಗೆಳತಿಯರು, ಹಾಡು, ಹೊಲಿಗೆ, ತವರು, ಯಾವುದೇ ಆಗಲಿ. ಕುಡಿಯುವವರು ಸುಧಾರಿಸದಿದ್ದರೂ ಇದು ಉಳಿಯುವ ಲಾಭ.

ಕೊನೆಯದು, ಸರಿಯಾದ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು. ಆ ಗಳಿಗೆ ಕುಡಿದ ರಾತ್ರಿಯಲ್ಲ. ಕುಡಿತದಿಂದ ಏನೋ ಕೆಟ್ಟದ್ದಾಗಿ ಅವರೇ ನಾಚಿಕೆಪಟ್ಟ ಮರುದಿನ ಇರಬಹುದು, ಅಥವಾ "ನೀನು ಯಾಕೆ ಈಗ ಬದಲಾಗಿದ್ದೀಯ?" ಎಂದು ಅವರೇ ಕೇಳಿದ ಹೊತ್ತಿರಬಹುದು. ಅವರು ಹೂಂ ಎಂದರೆ ಒಂದೆರಡು ದಿನದೊಳಗೆ ವೈದ್ಯರನ್ನೋ ಸಮಾಲೋಚಕರನ್ನೋ ಕಾಣುವಂತಿರಬೇಕು. ಆ ಮನಸ್ಸು ಹೆಚ್ಚು ದಿನ ಉಳಿಯುವುದಿಲ್ಲ. ಆದ್ದರಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ವಿಚಾರಿಸಿಟ್ಟಿರಬೇಕು. 1999ರ ಅಧ್ಯಯನದಲ್ಲಿ ಚಿಕಿತ್ಸೆಗೆ ಬಂದವರಲ್ಲಿ ಹೆಚ್ಚಿನವರು ಮನೆಯವರ ನಾಲ್ಕರಿಂದ ಆರು ಭೇಟಿಗಳ ಹೊತ್ತಿಗೆ ಬಂದಿದ್ದರು.

ಇವೆಲ್ಲಕ್ಕಿಂತ ಮುಂಚೆ ಬರುವ ಪ್ರಶ್ನೆ ಇನ್ನೊಂದಿದೆ: ಮನೆಯಲ್ಲಿ ಹೊಡೆತ ಬಡಿತ ಇದೆಯೇ? ಇದ್ದರೆ ಮೊದಲು ಸುರಕ್ಷತೆ, ಆಮೇಲೆ ಉಳಿದದ್ದು. ಪಕ್ಕಕ್ಕೆ ಸರಿಯುವುದೂ ಹೊಡೆತಕ್ಕೆ ಕಾರಣವಾಗುವ ಮನೆಯಲ್ಲಿ ಇದನ್ನು ಸ್ವಂತವಾಗಿ ಪ್ರಯತ್ನಿಸಬಾರದು.

ಇದು ಹೇಳದೇ ಇರುವುದು

ಇಂಥ ಅಂಕಿಅಂಶ ಓದಿದಾಗ ಎರಡು ತಪ್ಪು ತಿಳಿವಳಿಕೆಗಳು ಹುಟ್ಟಿಕೊಳ್ಳಬಹುದು.

ಒಂದು, ಶೇ. 64 ಎಂದರೆ ಗುಣವಾದವರ ಸಂಖ್ಯೆ ಎಂಬುದು. ಅಲ್ಲ. ಅದು ಚಿಕಿತ್ಸೆಯ ಬಾಗಿಲಿಗೆ ಬಂದವರ ಸಂಖ್ಯೆ. ಒಳಗೆ ಹೋದ ಮೇಲೆ ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು ಸಾಮಾನ್ಯ. ಎಲ್ಲ ಕಡೆ ಇದೇ ಪ್ರಮಾಣ ಬಂದಿಲ್ಲ ಎಂಬುದೂ ನಿಜ. ಜರ್ಮನಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ತಿಂಗಳಲ್ಲಿ ಚಿಕಿತ್ಸೆಗೆ ಬಂದವರು ಸುಮಾರು ಶೇ. 40. ತರಬೇತಿಗೆ ಕಾಯುತ್ತಿದ್ದ ಕುಟುಂಬಗಳಲ್ಲಿ ಅದು ಸುಮಾರು ಶೇ. 14. ಮೊದಲಿನಷ್ಟು ಹೊಳೆಯುವ ಅಂಕಿಯಲ್ಲ, ಆದರೂ ಎರಡು ಪಟ್ಟಿಗಿಂತ ಹೆಚ್ಚು.

ಎರಡನೆಯ ತಪ್ಪು ಇನ್ನೂ ಅಪಾಯಕಾರಿ. "ಹಾಗಾದರೆ ಹೆಂಡತಿ ಸರಿಯಾಗಿ ನಡೆದುಕೊಳ್ಳದ್ದರಿಂದಲೇ ಅವನು ಕುಡಿಯುತ್ತಿದ್ದಾನೆ" ಎಂಬ ಮಾತು ನಮ್ಮಲ್ಲಿ ಬಹಳ ಸುಲಭವಾಗಿ ನಾಲಿಗೆಗೆ ಬರುತ್ತದೆ. ಮಳೆಯಲ್ಲಿ ಕೊಡೆ ಹಿಡಿಯಲು ಕಲಿಸಿದರೆ ಮಳೆ ಬರಿಸಿದ್ದು ನೀನೇ ಎಂದು ಅರ್ಥವಲ್ಲ. ಮೈಯರ್ಸ್ ಅವರ ಕಾರ್ಯಕ್ರಮ ಮನೆಯವರಿಗೆ ಕೊಡುವುದು ಹೊಣೆಯನ್ನಲ್ಲ, ಕೌಶಲವನ್ನು. ಎಲ್ಲ ಮಾಡಿಯೂ ಕುಡಿತ ನಿಲ್ಲದ ಮನೆಗಳಿವೆ, ಅಲ್ಲಿಂದ ಹೊರನಡೆಯುವುದೇ ಸರಿಯಾದ ನಿರ್ಧಾರವಾಗುವ ಸಂದರ್ಭಗಳೂ ಇವೆ.

ನಮ್ಮಲ್ಲಿ ಇದರ ಎಳೆ ಎಲ್ಲಿದೆ?

ಕುಡಿತವಿಲ್ಲದ ಗೆಳೆಯರ ಬಳಗ ಕಟ್ಟುವ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಹೆಚ್ಚಿನವರಿಗೆ ಗೊತ್ತು. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಆನಾ ಊರಿನ ಆ ಹಳೆಯ ಹೆಂಡದಂಗಡಿಯ ಕ್ಲಬ್ ನೆನಪಾಗುವುದು ಇಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ.

ಆದರೆ ಪ್ರತಿ ಊರಿಗೂ ತಜ್ಞರನ್ನು ತರುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆ ಒಂದು ದಾರಿ ತೋರಿಸಿದೆ. ವೈದ್ಯಕೀಯ ಹಿನ್ನೆಲೆಯಿಲ್ಲದ ಸ್ಥಳೀಯರಿಗೆ ಸಮಾಲೋಚನೆಯ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಅಪಾಯದ ಮಟ್ಟದಲ್ಲಿ ಕುಡಿಯುವ 377 ಗಂಡಸರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ವಿಚಾರಿಸಿದಾಗ, ಹಿಂದಿನ ಎರಡು ವಾರ ಒಮ್ಮೆಯೂ ಕುಡಿಯದವರು ಸಮಾಲೋಚನೆ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 18. ಕ್ರಾಫ್ಟ್‌ಗೂ ಇದಕ್ಕೂ ವ್ಯತ್ಯಾಸವಿದೆ, ಇದು ತೀವ್ರ ಅವಲಂಬನೆಯಿರುವವರಿಗಾಗಿ ಮಾಡಿದ್ದೂ ಅಲ್ಲ. ಆದರೂ ತರಬೇತಿ ಪಡೆದ ಸಾಮಾನ್ಯರು ಇಂಥ ಕೆಲಸ ಮಾಡಬಲ್ಲರು ಎಂಬುದು ಸಾಬೀತಾಗಿದೆ.

ಮನೆಯವರು ಮಾಡಬಾರದ ಎರಡು ಕೆಲಸಗಳು

ಮೊದಲನೆಯದು, ಗುಟ್ಟಾಗಿ ಔಷಧ ಬೆರೆಸುವುದು. "ಅವರಿಗೆ ಗೊತ್ತಾಗದಂತೆ ಕಾಫಿಯಲ್ಲಿ, ಸಾರಿನಲ್ಲಿ ಬೆರೆಸಿ, ಕುಡಿತ ಬಿಡುತ್ತಾರೆ" ಎಂಬ ಜಾಹೀರಾತುಗಳನ್ನು ನಾವೆಲ್ಲ ನೋಡಿದ್ದೇವೆ. ಇಂಥ ಪುಡಿಯಲ್ಲಿ ಏನಿದೆ ಎಂದು ತಿಳಿಯುವ ದಾರಿ ಕೊಳ್ಳುವವರಿಗಿಲ್ಲ. ಡೈಸಲ್ಫಿರಾಂ ಮಾತ್ರೆಯನ್ನೇ ಗುಟ್ಟಾಗಿ ಕೊಡುವವರೂ ಇದ್ದಾರೆ. ತಿಳಿಯದೆ ಅದನ್ನು ಸೇವಿಸಿದವರು ಎಂದಿನಂತೆ ಕುಡಿದರೆ ರಕ್ತದೊತ್ತಡ ಕುಸಿದು, ಹೃದಯದ ತೊಂದರೆಯಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಒಂದು ದಿನ ಗುಟ್ಟು ಬಯಲಾದರೆ ಮನೆಯ ಊಟದ ಮೇಲಿನ ನಂಬಿಕೆಯೂ ಹೋಗುತ್ತದೆ. ಸಿಆರ್‌ಎ ಇದೇ ಮಾತ್ರೆಯನ್ನು ಎದುರಿಗೆ, ಒಪ್ಪಿಗೆಯಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಿತು ಎಂಬುದನ್ನು ನೆನಪಿಡಿ.

ಎರಡನೆಯದು, ಹಲವು ವರ್ಷಗಳಿಂದ ದಿನವೂ ಹೆಚ್ಚು ಕುಡಿಯುತ್ತಿರುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ನಿಲ್ಲಿಸುವುದು. ಮದ್ಯಕ್ಕೆ ಒಗ್ಗಿಹೋದ ಮಿದುಳಿಗೆ ಅದು ಹಠಾತ್ತನೆ ಸಿಗದಿದ್ದರೆ ಕೆಲವು ಗಂಟೆಗಳಲ್ಲೇ ನಡುಕ, ಬೆವರು, ತಳಮಳ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಇಲ್ಲದ್ದು ಕಾಣುವುದು, ಗೊಂದಲ, ಜ್ವರ ಕಾಣಿಸಿಕೊಳ್ಳಬಹುದು. ಇದು ದೆವ್ವವೂ ಅಲ್ಲ, ನಾಟಕವೂ ಅಲ್ಲ. ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಸಮುದಾಯದ ನೆರವು ಎಷ್ಟೇ ಒಳ್ಳೆಯದಾದರೂ ಈ ಹಂತದಲ್ಲಿ ವೈದ್ಯರೇ ಬೇಕು.

ಹಾಗಾದರೆ ಉತ್ತರವೇನು?

"ಅವರಾಗಿಯೇ ಮನಸ್ಸು ಮಾಡಬೇಕು" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕುಡಿತ ಬಿಡುವವರು ಅವರೇ, ಅವರ ಪರವಾಗಿ ಬೇರೆಯವರು ಬಿಡಲಾಗದು. ಆದರೆ ಮನಸ್ಸು ಎಂಬುದು ಒಂದು ದಿನ ಆಕಾಶದಿಂದ ಉದುರುವುದಿಲ್ಲ. ಅದು ದಿನನಿತ್ಯದ ಸಣ್ಣ ಅನುಭವಗಳಿಂದ ಆಗುತ್ತದೆ, ಮತ್ತು ಆ ಅನುಭವಗಳಲ್ಲಿ ಸುತ್ತಲಿನವರ ಪಾಲಿರುತ್ತದೆ. ಪಾತಾಳ ಮುಟ್ಟುವವರೆಗೆ ಕಾಯಬೇಕಿಲ್ಲ. ಕೆಲವರ ಪಾಲಿಗೆ ಆ ಪಾತಾಳ ಅಪಘಾತವೋ ಲಿವರ್ ಕಾಯಿಲೆಯೋ ಆಗಿ, ಮೇಲೆ ಬರಲು ಅವಕಾಶವೇ ಉಳಿಯುವುದಿಲ್ಲ.

ಕುಡಿಯುವವರು ಇನ್ನೂ ಒಪ್ಪಿಲ್ಲ ಎಂದು ಮನೆಯವರು ಸಹಾಯ ಕೇಳುವುದನ್ನು ಮುಂದೂಡಬೇಕಾಗಿಲ್ಲ. ಮೊದಲ ಭೇಟಿಗೆ ನೀವೊಬ್ಬರೇ ಹೋಗಬಹುದು. ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416. ಮನೆಯಲ್ಲಿ ಹಿಂಸೆಯಿದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕರೆ ಮಾಡಿದಾಗ "ರೋಗಿ ನಾನಲ್ಲ, ಅವರು ಬರಲು ಒಪ್ಪುತ್ತಿಲ್ಲ, ನಾನೇನು ಮಾಡಬೇಕು?" ಎಂದು ಹಾಗೆಯೇ ಕೇಳಿ. ಮೈಯರ್ಸ್ ಅವರ ತಾಯಿಗೆ ಉತ್ತರ ಸಿಗದೇ ಹೋದ ಪ್ರಶ್ನೆ ಅದೇ ಆಗಿತ್ತು. ಇಂದು ಅದಕ್ಕೆ ಪೂರ್ತಿಯಲ್ಲದಿದ್ದರೂ, ಪರೀಕ್ಷಿಸಿ ನೋಡಿದ ಒಂದು ಉತ್ತರವಿದೆ.